ಹೊಸಬರಿಗೆ ಯಾವ ಪಾತ್ರ ಕೊಡೋದು?

ನಾಲ್ಕೈದು ಜನ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತಾಡುತ್ತಾ ಕಥೆ ಕಟ್ಟುವ ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಹೊರತಂದರು. ತಾಳಮದ್ದಲೆ ನೋಡಿದವರಿಗೆ ಅರ್ಧ ಆಟ ಆಗಲೇ ಗೊತ್ತು: ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತು. ಉಳಿದರ್ಧ ದಾಳ. ಗೋಡೆ ಹತ್ತುತ್ತೇನೆ ಅಂತ ಹೇಳಿದರೆ ಸಾಲದು, 20 ಮುಖದ ದಾಳ ಉರುಳಿಸಿ ಸಾಕಷ್ಟು ದೊಡ್ಡ ಸಂಖ್ಯೆ ಬೀಳಬೇಕು. ಕಥೆ ನಡೆಸುವವರನ್ನು ಡಂಜನ್ ಮಾಸ್ಟರ್ ಅನ್ನುತ್ತಾರೆ. ನಾವು ಭಾಗವತರು ಅಂತಲೇ ಕರೆಯೋದು.

ಹಾಸ್ಟೆಲ್‌ನಲ್ಲಿದ್ದಾಗ ನಾವು ಐದು ಜನ ಶುರು ಮಾಡಿದ ಆಟ ಇದು. ಹೊಸಬರು ಯಾರೇ ಬಂದರೂ ಮೊದಲ ಪ್ರಶ್ನೆ ಒಂದೇ: ನಾನು ಯಾರಾಗಲಿ?

ನಾವು ಆಡುವುದು 2014ರ ಐದನೇ ಆವೃತ್ತಿ. ಅದರಲ್ಲಿ 12 ಬಗೆಯ ಪಾತ್ರಗಳಿವೆ. ಅವನ್ನು ಕ್ಲಾಸ್ ಅನ್ನುತ್ತಾರೆ. ಎಲ್ಲರೂ ಕೊಡುವ ಸಲಹೆ, ಫೈಟರ್ ತಗೊಳ್ಳಿ ಅಂತ. ಸಲಹೆಯಲ್ಲಿ ಹುರುಳಿದೆ. ಫೈಟರ್‌ಗೆ ಶುರುವಿನಲ್ಲೇ ಕನಿಷ್ಠ 10ರ ಆಸುಪಾಸು ಪ್ರಾಣ, ಮೈತುಂಬ ಕವಚ. ದಣಿದರೆ ಒಂದು ಉಸಿರು ಎಳೆದುಕೊಂಡು ಒಂದಿಷ್ಟು ಪ್ರಾಣ ವಾಪಸ್ ಪಡೆಯಬಹುದು. ಕತ್ತಿ ಬೀಸು, ದಾಳ ಹಾಕು, ಅಷ್ಟೇ. ಬೇಗ ಸಾಯೋದಿಲ್ಲ, ಓದೋದೂ ಕಡಿಮೆ.

ಆ ‘ಓದೋದು ಕಡಿಮೆ’ ಅನ್ನುವ ಮಾತಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಒಮ್ಮೆ ನಗರದ ಒಂದು ಗುಂಪಿನ ಜೊತೆ ಆಡಲು ಹೋಗಿದ್ದೆವು. ನಮ್ಮಲ್ಲೊಬ್ಬಳು ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದವಳು, ಇಂಗ್ಲಿಷ್ ಪುಟ ಓದುವಾಗ ನಿಧಾನ. ಅವಳಿಗೆ ವಿಜಾರ್ಡ್ ಆಗಬೇಕಿತ್ತು, ಅಂದರೆ ಪುಸ್ತಕ ಓದಿ ಮಂತ್ರ ಕಲಿತವನು. ಅಲ್ಲಿನವರು ಪ್ರೀತಿಯಿಂದಲೇ, “ನೀವು ಫೈಟರ್ ತಗೊಳ್ಳಿ, ಈಜಿ ಇರುತ್ತೆ” ಅಂದರು. ಮೂರು ಗಂಟೆ ಅವಳ ಬಾಯಲ್ಲಿ ಬಂದದ್ದು “ಹೊಡೀತೀನಿ” ಅನ್ನೋದೊಂದೇ. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು, “ಓದೋದು ನಿಧಾನ ಅಂದ್ರೆ ಯೋಚ್ನೆ ಮಾಡೋದೂ ನಿಧಾನ ಅಂದ್ಕೊಂಡ್ರಲ್ಲೋ” ಅಂದಳು.

ಆಮೇಲೆ ನಾವು ಕೂತು ಲೆಕ್ಕ ಹಾಕಿದೆವು. ಮೊದಲ ಲೆವೆಲ್ಲಿನ ವಿಜಾರ್ಡ್‌ಗೆ ನಿಜಕ್ಕೂ ಎಷ್ಟು ಓದು ಬೇಕು? ಎಷ್ಟು ಸಲ ಬೇಕಾದರೂ ಬಳಸುವ ಸಣ್ಣ ಮಂತ್ರ ಮೂರು, ಪುಸ್ತಕದಲ್ಲಿ ಬರೆದುಕೊಂಡ ದೊಡ್ಡವು ಆರು. ಒಟ್ಟು ಒಂಬತ್ತು. ದೊಡ್ಡವನ್ನು ದಿನಕ್ಕೆ ಎರಡೇ ಸಲ ಹಾಕಬಹುದು, ಸ್ವಲ್ಪ ಹೊತ್ತು ಕೂತು ವಿಶ್ರಾಂತಿ ತಗೊಂಡರೆ ದಿನಕ್ಕೊಮ್ಮೆ ಒಂದು ವಾಪಸ್ ಸಿಗುತ್ತದೆ. ಇದೆಲ್ಲ ಲಾಂಗ್ ನೋಟ್‌ಬುಕ್ಕಿನ ಎರಡು ಹಾಳೆಗೆ ಕನ್ನಡದಲ್ಲಿ ಹಿಡಿಯಿತು. ‘ಸ್ಪೆಲ್ ಸ್ಲಾಟ್’ ಅನ್ನೋದಕ್ಕೆ ಪದ ಹುಡುಕುತ್ತಾ ಅರ್ಧ ಸಂಜೆ ಹೋಯಿತು. ಕೊನೆಗೆ ‘ಇವತ್ತಿನ ಮಂತ್ರ’ ಅಂತ ಬರೆದು ಪಕ್ಕದಲ್ಲಿ ಎರಡು ಸೊನ್ನೆ ಹಾಕಿದೆವು. ಬಳಸಿದಂತೆಲ್ಲ ಹೊಡೆದುಹಾಕೋದು.

ಮುಂದಿನ ಆಟದಲ್ಲಿ ಅವಳೇ ವಿಜಾರ್ಡ್. ಕಾವಲಿಗೆ ಮೂರು ಗಾಬ್ಲಿನ್, ಅಂದರೆ ಕುಳ್ಳ ರಾಕ್ಷಸರು, ಒಬ್ಬೊಬ್ಬನಿಗೂ ಪ್ರಾಣ 7. ಅವಳು ನಿದ್ದೆ ಮಂತ್ರ ಹಾಕಿದಳು. ಎಂಟು ಮುಖದ ದಾಳ ಐದು ಸಲ ಹಾಕಿ ಕೂಡಿಸಬೇಕು, ಬಂದ ಮೊತ್ತದಷ್ಟು ಪ್ರಾಣವಿರುವವರು ಮಲಗುತ್ತಾರೆ. 22 ಬಿತ್ತು. ಮೂರೇಳು ಇಪ್ಪತ್ತೊಂದು! ಕತ್ತಿ ಹಿಡಿದು ಎದ್ದುನಿಂತಿದ್ದ ನಮ್ಮ ಫೈಟರ್ ಹಾಗೇ ಕೂತ. ಅವಳು ಹೋಗಿ ಸೊಂಟದಿಂದ ಬೀಗದಕೈ ಬಿಚ್ಚಿಕೊಂಡು ಬಂದಳು.

ಹಾಗಂತ ವಿಜಾರ್ಡ್ ಎಲ್ಲರಿಗೂ ಹೊಂದುವುದಿಲ್ಲ. ಕವಚವಿಲ್ಲ, ಪ್ರಾಣ ಆರೇಳು, ಒಂದೆರಡು ಬಾಣಕ್ಕೆ ಉರುಳುವ ಪೈಕಿ. ನಮ್ಮಲ್ಲೊಬ್ಬನ ಅಪ್ಪ ಒಂದು ದಿನ ಬಂದು ಕೂತರು. ಅವರಿಗೆ ಹಾಳೆ ಗೀಳೆ ಬೇಡವೇ ಬೇಡ. ಬಾರ್ಬೇರಿಯನ್ ಆದರು. ಸಿಟ್ಟು ಬಂದರೆ ಈ ಪಾತ್ರಕ್ಕೆ ಕತ್ತಿ, ದೊಣ್ಣೆ, ಬಾಣದ ಪೆಟ್ಟು ಅರ್ಧವೇ ತಾಗೋದು. ಮೊದಲ ಲೆವೆಲ್ಲಿನಲ್ಲಿ ದಿನಕ್ಕೆ ಎರಡು ಸಲ ಮಾತ್ರ ಸಿಟ್ಟು ಮಾಡಿಕೊಳ್ಳಬಹುದು. “ಎರಡೇ ಸಲನಾ? ಈ ರೂಲು ನಿಮ್ಮಮ್ಮಂಗೂ ಹೇಳ್ರೋ” ಅಂದರು. ಅವತ್ತು ಎಲ್ಲರಿಗಿಂತ ಚೆನ್ನಾಗಿ ಆಡಿದ್ದು ಅವರೇ.

ನಮ್ಮ ಮಟ್ಟಿಗೆ ಹೊಸಬರಿಗೆ ಒಳ್ಳೆಯದು ರೋಗ್, ಅಂದರೆ ಕಳ್ಳಗಾಲಿನವನು. ನಿಯಮ ಕಡಿಮೆ, ಯೋಚನೆ ಜಾಸ್ತಿ. ಶತ್ರುವಿನ ಪಕ್ಕ 5 ಅಡಿಯೊಳಗೆ ನಮ್ಮವರೊಬ್ಬರು ನಿಂತಿದ್ದರೆ ಅವನ ಏಟಿಗೆ ಇನ್ನೊಂದು ಆರು ಮುಖದ ದಾಳ ಸೇರುತ್ತದೆ. ಹಾಗಾಗಿ ಯಾರು ಎಲ್ಲಿ ನಿಂತಿದ್ದಾರೆ ಅಂತ ನೋಡೋದು, “ಅಣ್ಣಾ, ನೀನು ಆ ಕಡೆ ಹೋಗು” ಅಂತ ಹೇಳೋದು ತಾನಾಗಿ ಬರುತ್ತದೆ. ಬಾಯಿ ಬಿಡದ ಹುಡುಗರೂ ಮಾತಾಡಲು ಶುರು ಮಾಡುತ್ತಾರೆ. ಕ್ಲೆರಿಕ್ ಬಗ್ಗೆ ನಮಗೆ ಅಷ್ಟು ಒಲವಿಲ್ಲ. ಮಂತ್ರದ ಪಟ್ಟಿ ಉದ್ದ, ಮೇಲಾಗಿ ಎಲ್ಲರೂ ನನ್ನ ಗಾಯ ವಾಸಿ ಮಾಡು ಅಂತ ಹಿಂದೆ ಬೀಳುತ್ತಾರೆ. ಪ್ರಾಣಿಯಾಗಿ ಬದಲಾಗುವ ಡ್ರೂಯಿಡ್ ಮೊದಲ ಸಲಕ್ಕೆ ಬೇಡ, ಪ್ರತಿ ಪ್ರಾಣಿಗೂ ಬೇರೆ ಲೆಕ್ಕ.

ಈಗ ನಾವು ಹೊಸಬರಿಗೆ ಕ್ಲಾಸಿನ ಹೆಸರೇ ಹೇಳುವುದಿಲ್ಲ. “ಮುಂದೆ ಬೀಗ ಹಾಕಿದ ಬಾಗಿಲಿದೆ, ಏನ್ ಮಾಡ್ತೀಯ?” ಅಂತ ಕೇಳುತ್ತೇವೆ. ಒದೀತೀನಿ ಅಂದವರಿಗೆ ಫೈಟರ್ ಅಥವಾ ಬಾರ್ಬೇರಿಯನ್. ಬೀಗ ಹೇಗಿದೆ ತೋರಿಸು ಅಂದವರಿಗೆ ರೋಗ್. ಬಾಗಿಲ ಮೇಲೆ ಏನಾದ್ರೂ ಬರೆದಿದ್ಯಾ ಅಂದವರಿಗೆ ಎರಡು ಹಾಳೆ ಕೈಗೆ ಕೊಡುತ್ತೇವೆ. ಒಬ್ಬ ಹುಡುಗ, “ಯಾರಾದ್ರೂ ಇದ್ದೀರಾ ಅಂತ ಕೂಗ್ತೀನಿ” ಅಂದ. ಹಾಡಿ, ಮಾತಾಡಿ ಕೆಲಸ ಸಾಧಿಸುವ ಬಾರ್ಡ್ ಅವನಿಗೆ ಹೋಯಿತು.

ಈ ಆವೃತ್ತಿಯ ಮೂಲ ನಿಯಮಗಳ ದೊಡ್ಡ ಭಾಗವನ್ನು 2023ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದ್ದಾರೆ. ಮೂಲದ ಹೆಸರು ಹಾಕಿದರೆ ಯಾರು ಬೇಕಾದರೂ ಅನುವಾದಿಸಿ ಹಂಚಬಹುದು. ರೋಗ್ ಮತ್ತು ವಿಜಾರ್ಡ್ ಹಾಳೆಗಳು ನಮ್ಮಲ್ಲಿ ತಯಾರಿವೆ. ಕ್ಲೆರಿಕ್‌ನದು ಅರ್ಧಕ್ಕೆ ನಿಂತಿದೆ: ‘ಟರ್ನ್ ಅನ್‌ಡೆಡ್’ ಅನ್ನೋದಕ್ಕೆ ‘ಪ್ರೇತ ಓಡಿಸುವುದು’ ಅನ್ನಬೇಕೋ ‘ದೆವ್ವ ಬಿಡಿಸುವುದು’ ಅನ್ನಬೇಕೋ ಅಂತ ಇನ್ನೂ ಜಗಳ ನಡೆದಿದೆ.