ಮಾಗಿಯ ಮೂರು ದಿನ, ನಾಲೆಗಳ ನಾಡಿನಲ್ಲಿ

ನನ್ನ ಮಗಳೂ ಅಳಿಯನೂ ಹಾಲೆಂಡಿನ ಆಂಸ್ಟರ್‌ಡ್ಯಾಮ್ ನಗರದಲ್ಲಿ ನೆಲೆಸಿ ಎಂಟು ವರ್ಷಗಳಾದವು. ಅವರ ಒತ್ತಾಯಕ್ಕೆ ಕಟ್ಟುಬಿದ್ದು ನಾನೂ ನಮ್ಮ ಮನೆಯವರೂ ಒಂದು ಡಿಸೆಂಬರ್ ತಿಂಗಳು ಅಲ್ಲಿಗೆ ಹೋಗಿದ್ದುಂಟು. ಬೆಳಗಿನ ಎಂಟೂವರೆಯಾದರೂ ಸೂರ್ಯನ ಸುಳಿವಿಲ್ಲ. ಸಂಜೆ ನಾಲ್ಕೂವರೆಗೆ ದೀಪ ಹಚ್ಚುವ ಹೊತ್ತು. ಮಠದ ಪಾಠಶಾಲೆಯಲ್ಲಿ ನಸುಕಿಗೆ ಮುಂಚೆಯೇ ತಣ್ಣೀರು ಸುರಿದುಕೊಂಡು ಬೆಳೆದ ಈ ದೇಹವೂ ಅಲ್ಲಿನ ಗಾಳಿಗೆ ಸೋತಿತೆಂದು ಒಪ್ಪಿಕೊಳ್ಳಲೇಬೇಕು. ಆದರೆ ಆ ಊರಿನ ನಾಲೆಗಳು ಮನಸ್ಸಿನಲ್ಲಿ ನಿಂತವು. ಹದಿನೇಳನೆಯ ಶತಮಾನದ ಆರಂಭದಲ್ಲಿ ತೋಡತೊಡಗಿ ಊರನ್ನು ಬಳೆಗಳಂತೆ ಸುತ್ತಿಸಿದ ಆ ಕಾಲುವೆಗಳನ್ನು 2010ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ. ನೋಡಲು ದೇಶದೇಶಗಳಿಂದ ಜನ ಬರುತ್ತಾರೆ.

ಅದೇ ಶತಮಾನದಲ್ಲಿ ನಮ್ಮ ಶ್ರೀರಂಗಪಟ್ಟಣದ ಅರಸರೂ ಕಾಲುವೆ ತೋಡಿಸುತ್ತಿದ್ದರು. ಅದನ್ನು ನೋಡಲು ಮೈಸೂರಿನವರೇ ಹೋಗುವುದಿಲ್ಲ. ಹದಿನೈದು ಕಿಲೋಮೀಟರು ದೂರದಲ್ಲಿರುವ ನಾನೂ ಹೋಗಿರಲಿಲ್ಲ. ಕಳೆದ ಮಾಗಿಯಲ್ಲಿ ಮಗಳ ಕುಟುಂಬ ರಜೆಗೆ ಬಂದಾಗ ಒಂಬತ್ತು ವರ್ಷದ ಮೊಮ್ಮಗಳು, "ತಾತ, ನಿಮ್ಮ ಊರಿನ ಕಾಲುವೆ ತೋರಿಸಿ" ಎಂದು ಕೇಳಿದ್ದರಿಂದ ಈ ಪ್ರವಾಸ ಒದಗಿತು. ಮಕ್ಕಳನ್ನು ಕರೆದುಕೊಂಡು ಹೊರಡಬೇಕೆಂದಿರುವ ಬಂಧುಗಳಿಗೆ ಉಪಯೋಗವಾದೀತೆಂದು ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಹೊರಡುವ ಮುನ್ನ ನಾಲೆಯಲ್ಲಿ ನೀರಿದೆಯೇ ಎಂದು ವಿಚಾರಿಸಿಕೊಳ್ಳಬೇಕು. ಕೃಷ್ಣರಾಜಸಾಗರದ ನಾಲೆಗಳಲ್ಲಿ ನೀರು ಬಾರೋಮಾಸವೂ ಹರಿಯುವುದಿಲ್ಲ. ಮುಂಗಾರಿನ ಭತ್ತ ಕಟಾವಿಗೆ ಬಂದಾಗ ನೀರು ನಿಲ್ಲಿಸುವುದುಂಟು. ಬೇಸಿಗೆ ಬೆಳೆಗೆ ಕಟ್ಟು ಪದ್ಧತಿಯಲ್ಲಿ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುತ್ತಾರೆ. ವಿಚಾರಿಸದೆ ಹೋದವರು ಹೂಳು, ಜೊಂಡು, ಹಳೆಯ ಚಪ್ಪಲಿ ಇವುಗಳ ದರ್ಶನ ಮಾಡಿ ಹಿಂದಿರುಗಬೇಕಾದೀತು. ಎರಡನೆಯದಾಗಿ, ಬೆಳಗಿಗೆ ಶಾಲು, ಮಧ್ಯಾಹ್ನಕ್ಕೆ ಕೊಡೆ, ಎರಡೂ ಬೇಕು. ನದಿಯ ದಂಡೆಯಲ್ಲಿ ಎಂಟು ಗಂಟೆಯವರೆಗೂ ಮಂಜು ಕವಿದಿರುತ್ತದೆ. ಹನ್ನೊಂದಕ್ಕೆ ನೆತ್ತಿ ಸುಡುತ್ತದೆ. ಬೆಂಗಳೂರಿನಿಂದ ಬರುವವರು 2023ರಲ್ಲಿ ತೆರೆದ ಹೊಸ ಹೆದ್ದಾರಿ ಶ್ರೀರಂಗಪಟ್ಟಣದ ಒಳಗೆ ಹೋಗುವುದಿಲ್ಲವೆಂಬುದನ್ನು ನೆನಪಿಡಬೇಕು. ರೈಲಿನಲ್ಲಿ ಬಂದರೆ ಕೋಟೆಯ ನಡುವೆಯೇ ಇಳಿಯಬಹುದು. ಈ ರೈಲು ಹಾದಿಯನ್ನು ಜೋಡಿ ಮಾಡಲು 2017ರಲ್ಲಿ ಟಿಪ್ಪುವಿನ ಮದ್ದಿನಮನೆಯೊಂದನ್ನು ಬುಡಸಮೇತ ಎತ್ತಿ ಬೇರೆಡೆಗೆ ಸರಿಸಿದರು. ಅದನ್ನು ಕೇಳಿದ ಮೇಲೆ ಮೊಮ್ಮಗಳಿಗೆ ದರಿಯಾ ದೌಲತ್ತಿನ ಚಿತ್ರಗಳಿಗಿಂತ ಆ ಮದ್ದಿನಮನೆಯೇ ಹೆಚ್ಚು ಹಿಡಿಸಿತು!

ಊರಿನ ಕೋಟೆ, 1784ರ ದರಿಯಾ ದೌಲತ್, ಗುಂಬಜ್, ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ಕಲ್ಲಿನ ವೆಲ್ಲೆಸ್ಲಿ ಸೇತುವೆ, ಇವೆಲ್ಲ ಎಲ್ಲರೂ ಬಲ್ಲವು, ವಿವರಿಸಲು ಹೋಗುವುದಿಲ್ಲ. ನಾನು ಹೇಳಬೇಕಾದುದು ಬಂಗಾರದೊಡ್ಡಿ ನಾಲೆಯನ್ನು ಕುರಿತು. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರ ಕಾಲದ ಕೆಲಸವಿದು. ನದಿಗೆ ಅಡ್ಡಲಾಗಿ ಕಲ್ಲಿನ ಒಡ್ಡು ಹಾಕಿ, ನೀರನ್ನು ತಿರುಗಿಸಿ, ಕಾವೇರಿಯ ಕವಲೊಂದರ ಮೇಲೆ ಮೇಲ್ಗಾಲುವೆ ಕಟ್ಟಿ ದಾಟಿಸಿದ್ದಾರೆ. ಕೆಳಗೆ ನದಿ, ಮೇಲೆ ನಾಲೆ! ಎರಡೂ ಕಾವೇರಿಯೇ. ಈಗಿನ ಸಿಮೆಂಟಾಗಲಿ ಯಂತ್ರವಾಗಲಿ ಇಲ್ಲದ ಕಾಲದಲ್ಲಿ, ಬರಿಯ ಮಟ್ಟದ ಲೆಕ್ಕಾಚಾರದಿಂದ ಇದನ್ನು ಸಾಧಿಸಿದವರ ಹೆಸರು ಯಾವ ಕಲ್ಲಿನಲ್ಲಿ ಹುಡುಕಬೇಕು? ಅವರ ನಂತರ ಚಿಕ್ಕದೇವರಾಜ ಒಡೆಯರು ತಮ್ಮ ಹೆಸರಿನ ನಾಲೆಯನ್ನು ತೋಡಿಸಿದರು. ಅರಸರ ಹೆಸರು ಉಳಿಯಿತು.

ಈ ನಾಲೆಯ ಸೋಪಾನದಲ್ಲಿಯೇ ನಮಗೆ ಆಗಬಾರದ್ದು ಆಗಲಿತ್ತು. ಮೊಮ್ಮಗಳಿಗೆ ಈಜು ಬರುತ್ತದೆ. ಆ ದೇಶದಲ್ಲಿ ಮಕ್ಕಳೆಲ್ಲ ಎಳೆಯ ವಯಸ್ಸಿನಲ್ಲಿಯೇ ಈಜು ಕಲಿತು ಪರೀಕ್ಷೆ ಕೊಟ್ಟು ಪ್ರಮಾಣಪತ್ರ ಪಡೆಯುವ ವಾಡಿಕೆ. ಬಟ್ಟೆ ಉಟ್ಟುಕೊಂಡೇ ನೀರಿಗಿಳಿಯುವ ಪರೀಕ್ಷೆಯೂ ಅದರಲ್ಲಿ ಸೇರಿದೆ. ನಾಲೆಯ ದಂಡೆಗಳಿಗೆ ಕಟಕಟೆಯಿಲ್ಲದ ಊರಿನಲ್ಲಿ ಅದು ಅವಶ್ಯವೇ ಸರಿ. ಆ ಧೈರ್ಯದಿಂದಲೇ ಅವಳು ಕಾಲು ತೊಳೆಯಲೆಂದು ಕೊನೆಯ ಮೆಟ್ಟಿಲಿಗೆ ಇಳಿದಳು. ನಾನು ಮೇಲೆ ನಿಂತು ಅಳಿಯನಿಗೆ ಕಂಠೀರವರ ಚರಿತ್ರೆಯನ್ನು ಹೇಳುತ್ತಿದ್ದೆ. ಮೆಟ್ಟಿಲಿನ ಪಾಚಿ ಅವಳ ಕಾಲನ್ನು ಎಳೆದುಕೊಂಡಿತು. ಸೊಂಟದವರೆಗೆ ನೀರಿಗಿಳಿದುಬಿಟ್ಟಿದ್ದಳು. ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಣ್ಣುಮಗಳೊಬ್ಬಳು ಕೈಯಲ್ಲಿದ್ದ ಸೀರೆಯನ್ನು ಹಾಗೆಯೇ ಬಿಟ್ಟು, ಮಗುವಿನ ರಟ್ಟೆ ಹಿಡಿದು ಮೇಲಕ್ಕೆಳೆದಳು. ಸೀರೆ ತೇಲಿಹೋಯಿತು. ನಾನು ಓಡಿ ಬಂದಾಗ ಆಕೆ ಹೇಳಿದ್ದು ಇಷ್ಟೇ: "ಬುದ್ಧಿ, ಮಗೀನ ಕೈ ಬುಡಬ್ಯಾಡಿ. ಇದು ನಿಂತ ನೀರಲ್ಲ."

ಅರವತ್ತು ದಾಟಿದ ಪಂಡಿತನಿಗೆ ಅಂದು ಸಿಕ್ಕಿದ ಪಾಠ ಅದು. ಆಂಸ್ಟರ್‌ಡ್ಯಾಮಿನ ಕಾಲುವೆಯ ನೀರು ಹೆಚ್ಚು ಕಡಿಮೆ ನಿಂತೇ ಇರುತ್ತದೆ. ಅದು ದೋಣಿಗಾಗಿ, ವ್ಯಾಪಾರಕ್ಕಾಗಿ ತೋಡಿದ್ದು. ನಮ್ಮದು ಗದ್ದೆಗಾಗಿ ತೋಡಿದ್ದು. ಓಡಲೆಂದೇ ಇಳಿಜಾರು ಕೊಟ್ಟ ನೀರು. ಹೊಸ ನಾಲೆಗಳ ಸಿಮೆಂಟಿನ ಓರೆಗೋಡೆಯಲ್ಲಿ ಕೈಗೆ ಹಿಡಿಯಲು ಹುಲ್ಲುಕಡ್ಡಿಯೂ ಇರುವುದಿಲ್ಲ. ಬಲ್ಲ ಈಜುಗಾರನೂ ಹತ್ತಲಾರ. ಆದ್ದರಿಂದ ಸೋಪಾನವಿದ್ದಲ್ಲಿಯೂ ಹಿರಿಯರೊಬ್ಬರು ಮಗುವಿಗಿಂತ ಕೆಳಗಿನ ಮೆಟ್ಟಿಲಿನಲ್ಲಿ ನಿಲ್ಲಬೇಕು. ಯಾರಾದರೂ ಬಿದ್ದರೆ ಹಿಂದೆಯೇ ಧುಮುಕಬಾರದು. ಸೀರೆ, ಪಂಚೆ, ಹಗ್ಗ, ಏನಾದರೊಂದನ್ನು ದಂಡೆಯ ಮೇಲಿಂದ ಎಸೆದು ಎಳೆದುಕೊಳ್ಳಬೇಕು. ನಮ್ಮ ಮನೆಯವರು ಆ ತಾಯಿಗೆ ತಮ್ಮ ಚೀಲದಲ್ಲಿದ್ದ ಹೊಸ ಸೀರೆಯನ್ನು ಕೊಡಲು ಹೋದರು. ಆಕೆ ಬೇಡವೆಂದಳು, ಬಹಳ ಬಲವಂತ ಮಾಡಿದ ಮೇಲೆ ತೆಗೆದುಕೊಂಡಳು.

ಮರುದಿನ ಪಾಂಡವಪುರದ ಕಡೆಗೆ ಹೊರಟೆವು. ಹೈದರ್, ಟಿಪ್ಪುಗಳ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಕಾರಣ ಹಿರೋಡೆ ಎಂಬ ಈ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಹುಕಾಲ ಇತ್ತು. ಕುಂತಿಬೆಟ್ಟವನ್ನು ದೂರದಿಂದ ನೋಡಿ, ಕನಗನಮರಡಿಯ ಹತ್ತಿರ ವಿಶ್ವೇಶ್ವರಯ್ಯ ನಾಲೆಯ ಬಳಿ ಕಾರು ನಿಲ್ಲಿಸಿಸಿದೆ. 2018ರ ನವೆಂಬರ್ 24ರ ಮಧ್ಯಾಹ್ನ ಇಲ್ಲಿ ಬಸ್ಸೊಂದು ನಾಲೆಗೆ ಉರುಳಿ ಮೂವತ್ತು ಜನ ಜಲಸಮಾಧಿಯಾದರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳು ಅವರಲ್ಲಿದ್ದರು. ಅದೇ ರಾತ್ರಿ ಅಂಬರೀಷರೂ ತೀರಿಕೊಂಡುದರಿಂದ ಮಂಡ್ಯ ಜಿಲ್ಲೆಗೆ ಒಂದೇ ದಿನ ಎರಡು ಸೂತಕ. ಹಿಂದಿನ ದಿನದ ಘಟನೆಯಾಗದಿದ್ದರೆ ನಾನು ಅಲ್ಲಿ ನಿಲ್ಲುತ್ತಿದ್ದೆನೋ ಇಲ್ಲವೋ. ಯಾರೂ ಮಾತನಾಡಲಿಲ್ಲ. ಸಾವಿರಾರು ಎಕರೆಗೆ ಅನ್ನ ಕೊಟ್ಟ ನಾಲೆಯಿದು. ಮೊದಲು ವೈಸ್‌ರಾಯ್ ಇರ್ವಿನ್ನನ ಹೆಸರಿನಲ್ಲಿದ್ದು, ಹುಲಿಕೆರೆಯ ಬಳಿ ಗುಡ್ಡವನ್ನೇ ಕೊರೆದು ಸುರಂಗದಲ್ಲಿ ಹಾಯಿಸಿದ ನೀರು. ನಾಲೆಯ ಏರಿಯ ಮೇಲೆ ವಾಹನ ಓಡಿಸುವವರು, ಅದರಲ್ಲಿಯೂ ಮಂಜಿನ ಬೆಳಗಿನಲ್ಲಿ, ದಯವಿಟ್ಟು ನಿಧಾನವಾಗಿ ಓಡಿಸಬೇಕು. ತಡೆಗೋಡೆಯಿಲ್ಲದ ಕಡೆ ಬದಲಿ ರಸ್ತೆಯಿದ್ದರೆ ಸುತ್ತಾದರೂ ಅದೇ ಮೇಲು.

ಹಾದಿಯಲ್ಲಿ ಆಲೆಮನೆಯೊಂದರ ಹೊಗೆ ಕಂಡಿತು. ಮಾಗಿಯಲ್ಲಿ ಈ ಸೀಮೆಗೆ ಬಂದವರು ಆಲೆಮನೆಗೆ ಹೋಗದೆ ಹಿಂದಿರುಗಬಾರದು. ಕೊಪ್ಪರಿಗೆಯಿಂದ ಆಗತಾನೆ ಇಳಿಸಿದ ಬಿಸಿಬೆಲ್ಲವನ್ನು ಎಲೆಯ ಮೇಲೆ ಹಾಕಿಕೊಟ್ಟರು. ಮೊಮ್ಮಗಳು ಬಹಳ ಹೊತ್ತಿನ ನಂತರ ನಕ್ಕಳು. ಕೊಪ್ಪರಿಗೆಯ ಹತ್ತಿರಕ್ಕೆ ಮಕ್ಕಳನ್ನು ಬಿಡಬಾರದೆಂದು ಬೇರೆ ಹೇಳಬೇಕಿಲ್ಲ. ಊಟಕ್ಕೆ ಸೊಗಡವರೆಯ ಕಾಲವಾದ್ದರಿಂದ ಹಿತಕಿದವರೆ ಸಾರು, ರಾಗಿಮುದ್ದೆ ಸಿಕ್ಕುತ್ತದೆ. ಶಾಕಾಹಾರಿಗಳು ಮಾತ್ರ ಖಾನಾವಳಿಯನ್ನು ವಿಚಾರಿಸಿಕೊಂಡು ಹೋಗುವುದು ಲೇಸು. ನಮ್ಮ ಮನೆಯವರು ಬುತ್ತಿ ಕಟ್ಟಿಕೊಂಡಿದ್ದರು.

ತೊಣ್ಣೂರು ಕೆರೆಯ ತಿಳಿನೀರನ್ನು ದಂಡೆಯಿಂದಲೇ ನೋಡಿ ಕೃಷ್ಣರಾಜಪೇಟೆ ತಲುಪಿದೆವು. ಅಲ್ಲಿಗೆ ಎರಡು ಮೂರು ಕಿಲೋಮೀಟರಿನಲ್ಲಿರುವ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದ ಜಗತಿಯ ಮೇಲೆ ಬೆಳಗಿನ ಬಿಸಿಲು ಓರೆಯಾಗಿ ಬೀಳುವಾಗ ಹೋಗಬೇಕು. ಆಗ ಗೋಡೆಯ ಪಟ್ಟಿಕೆಯ ಆನೆಕುದುರೆಗಳೂ ಪುರಾಣದ ಕಥೆಗಳೂ ಎದ್ದು ಕಾಣುತ್ತವೆ. ಕಿಕ್ಕೇರಿಯ ಬ್ರಹ್ಮೇಶ್ವರ ದೇವಾಲಯ ಚಿಕ್ಕದಾದರೂ ನನಗೆ ಅದೇ ಪ್ರಿಯವಾಯಿತು. 1171ರಲ್ಲಿ ಬಮ್ಮವೆ ನಾಯಕಿತಿ ಎಂಬ ಹೆಣ್ಣುಮಗಳು ಕಟ್ಟಿಸಿದ್ದು. ಒಳಗಿನ ಕಂಬಗಳ ನೆರಳಿನಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತೆ. ಕೆ.ಎಸ್. ನರಸಿಂಹಸ್ವಾಮಿಯವರು ಹುಟ್ಟಿದ ಊರೆಂಬುದೂ ಮಗಳಿಗೆ ಗೊತ್ತಿತ್ತು, ಸಂತೋಷವಾಯಿತು. ಹೇಮಾವತಿಗೆ ಕಟ್ಟಿದ ಹೇಮಗಿರಿಯ ಒಡ್ಡನ್ನೂ ಕಂಡೆವು.

ಮೂರನೆಯ ದಿನದ ನಾಗಮಂಗಲ ಬೇರೆಯದೇ ಲೋಕ. ನಾಲೆಯ ಮಾತು ಕಡಿಮೆಯಾಗಿ ಕೆರೆಯ ಮಾತು, ಮಳೆಯ ಮಾತು ಹೆಚ್ಚಾಗುತ್ತದೆ. ಭತ್ತದ ಹಸುರು ಹೋಗಿ ಒಕ್ಕಣೆಯ ರಾಗಿ, ಹುರುಳಿ ಕಾಣುತ್ತವೆ. ಸೌಮ್ಯಕೇಶವನ ಗುಡಿಯ ವಿಶಾಲ ಪ್ರಾಕಾರದಲ್ಲಿ ಮಕ್ಕಳು ನಿರ್ಭಯವಾಗಿ ಓಡಾಡಬಹುದು. ಕಂಬದಹಳ್ಳಿಯ ಗಂಗರ ಕಾಲದ ಪಂಚಕೂಟ ಬಸದಿಗೆ ಸಂಜೆಯಾಗುವ ಮುಂಚೆ ಹೋಗಿ ಬರಬೇಕು. ಮೊಮ್ಮಗಳು ಅಲ್ಲಿ ಒಂದು ಪ್ರಶ್ನೆ ಕೇಳಿದಳು: "ತಾತ, ಇಲ್ಲಿಗೆ ಯಾಕೆ ಯಾವ ರಾಜರೂ ಕಾಲುವೆ ತರಲಿಲ್ಲ?" ನೆಲ ಎತ್ತರದಲ್ಲಿದೆ, ನೀರು ಏರಲಾರದು ಎಂದೆ. "ಶ್ರೀರಂಗಪಟ್ಟಣದಲ್ಲಿ ನದಿಯ ಮೇಲೇ ಹತ್ತಿಸಿದ್ದರಲ್ಲ?" ಎಂದಳು. ಮಟ್ಟದ ಲೆಕ್ಕವನ್ನು ನೆಲದ ಮೇಲೆ ಕಡ್ಡಿಯಿಂದ ಬರೆದು ವಿವರಿಸಬೇಕಾಯಿತು.

ಸಾಧ್ಯವಿದ್ದವರು ಸಂಕ್ರಾಂತಿಯ ಸಂಜೆಗೆ ಹೊಂದಿಸಿಕೊಂಡರೆ ಶ್ರೀರಂಗಪಟ್ಟಣದ ರಂಗನಾಥ ದೇವಾಲಯದ ಲಕ್ಷದೀಪೋತ್ಸವವನ್ನೂ ನೋಡಬಹುದು. ವೈಕುಂಠ ಏಕಾದಶಿಯಂದು ಜನಸಂದಣಿ ವಿಪರೀತ. ವೃದ್ಧರೂ ಎಳೆಮಕ್ಕಳೂ ಆ ದಿನ ತಪ್ಪಿಸುವುದು ಒಳ್ಳೆಯದು. ನದೀತೀರದ ವಸತಿಗೃಹಗಳನ್ನು ಮುಂಚಿತವಾಗಿ ಕಾದಿರಿಸಬೇಕು.

ಮೊನ್ನೆ ಮಗಳು ಫೋನು ಮಾಡಿದ್ದಳು. ಈ ಡಿಸೆಂಬರಿಗೂ ಬರುತ್ತಾರಂತೆ. ಮೊಮ್ಮಗಳು ನಡುವೆ ಬಾಯಿ ಹಾಕಿ, ಆ ಸೀರೆಯ ಅಜ್ಜಿಗೆ ಅಲ್ಲಿಂದ ಒಂದು ಉಣ್ಣೆಯ ಶಾಲು ತರುವುದಾಗಿಯೂ ಆಕೆಯ ಹೆಸರನ್ನು ಕೇಳಿಡಬೇಕೆಂದೂ ಹೇಳಿದಳು. ಅಂದು ಆಕೆಯ ಹೆಸರು ಕೇಳುವುದು ನಮಗೆ ಯಾರಿಗೂ ತೋಚಿರಲಿಲ್ಲ. ಬರುವ ಸೋಮವಾರ ನಸುಕಿನ ಬಸ್ಸಿಗೆ ಶ್ರೀರಂಗಪಟ್ಟಣಕ್ಕೆ ಹೊರಟಿದ್ದೇನೆ.