ಹೋದ ಚಕ್ಕಡಿ ಮರಳಿ ಬರಬೇಕು

ವಯಸ್ಸು ಅರವತ್ತು ದಾಟಿದ ಮೇಲೆ ಹೊಸ ವಿದ್ಯೆಯೊಂದನ್ನು ಕಲಿಯುವ ಯೋಗ ಬರುವುದು ಅಪರೂಪ. ಅದೂ ಮಗನೇ ಗುರುವಾಗಿ, ಮೋಟಾರು ವಾಹನವೇ ಗ್ರಂಥವಾಗಿ, ಪರದೇಶದ ಮನೆಯಂಗಳವೇ ಪಾಠಶಾಲೆಯಾಗಿ ಒದಗಿದ್ದು ನನ್ನ ಪಾಲಿಗೆ ಅನಿರೀಕ್ಷಿತವೇ ಸರಿ. ಬಾಲ್ಯದಲ್ಲಿ ಮಠದ ಪ್ರಸಾದನಿಲಯದಲ್ಲಿ ಬೆಳೆದು, ವ್ಯಾಕರಣ, ಹಳಗನ್ನಡ ಕಾವ್ಯ, ಓಲೆಗರಿಗಳ ಪಾಠಶೋಧನೆ ಇವುಗಳಲ್ಲಿಯೇ ಆಯುಷ್ಯ ಸವೆಸಿದವನಿಗೆ ಬ್ಯಾಟರಿ, ತಂತಿ, ಪಾನಾಗಳ ಸಹವಾಸವೇಕೆ ಎಂದು ಓದುಗರು ಕೇಳಬಹುದು. ನನ್ನ ಮನೆಯವರ ಉಸಿರಿನ ನಿಮಿತ್ತವಾಗಿ ಆ ಸಹವಾಸ ನನಗೆ ಒದಗಿತು. ಅದರಿಂದ ಕಲಿತದ್ದು ಇತರ ಕುಟುಂಬಗಳಿಗೂ ಉಪಯೋಗವಾದೀತೆಂದು ಇಲ್ಲಿ ಬರೆದಿದ್ದೇನೆ.

2024ರ ಫೆಬ್ರವರಿಯಲ್ಲಿ ನಾವು ದಂಪತಿಗಳು ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಹ್ಯೂಸ್ಟನ್ ನಗರದ ಹೊರವಲಯದಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಮಾರ್ಚ್ ತಿಂಗಳಲ್ಲಿ ನನ್ನ ಮನೆಯವರಿಗೆ ನ್ಯುಮೋನಿಯಾ ಆಯಿತು. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಮರಳುವಾಗ, ಕೆಲವು ತಿಂಗಳ ಕಾಲ ರಾತ್ರಿ ಮಲಗುವಾಗಲೂ ದಣಿವಾದಾಗಲೂ ಆಮ್ಲಜನಕ ಕೊಡಬೇಕೆಂದು ವೈದ್ಯರು ವಿಧಿಸಿದರು. ಗಾಳಿಯಿಂದಲೇ ಆಮ್ಲಜನಕವನ್ನು ಬೇರ್ಪಡಿಸಿಕೊಡುವ ಯಂತ್ರವೊಂದು ಮನೆಗೆ ಬಂತು. ಪ್ರಯಾಣದಲ್ಲಿ ವಾಹನದ ವಿದ್ಯುತ್ತಿನಿಂದ ನಡೆಯುವ ಚಿಕ್ಕ ಯಂತ್ರವೂ ಬಂತು. ಅಂದಿನಿಂದ ನಮ್ಮ ಮನೆಯಲ್ಲಿ ವಿದ್ಯುತ್ತೆಂದರೆ ಬರಿಯ ಬೆಳಕಾಗಿ ಉಳಿಯಲಿಲ್ಲ.

ಆ ದೇಶದಲ್ಲಿ ಸಬರ್ಬನ್, ತಾಹೋ, ಎಕ್ಸ್‌ಪೆಡಿಷನ್ ಮುಂತಾದ ಹೆಸರಿನ ಭಾರಿ ವಾಹನಗಳುಂಟು. ಮೂರು ಸಾಲು ಆಸನ, ದೊಡ್ಡ ಎಂಜಿನ್, ಮುಂದೆ ಹಿಂದೆ ಎರಡೂ ಕಡೆ ತಂಪುಗಾಳಿಯ ವ್ಯವಸ್ಥೆ. ಸಬರ್ಬನ್ ಎಂಬ ಹೆಸರಂತೂ 1935ರಿಂದ ನಡೆದುಬಂದಿದೆ. ಅವ್ವ ಕಾಲು ಚಾಚಿ ಒರಗಬಹುದೆಂದು ಮಗನು ಇಂತಹ ಗಾತ್ರದ್ದೇ ಒಂದು ಹಳೆಯ ವಾಹನವನ್ನು ಕೊಂಡಿದ್ದ. ಅದಕ್ಕೆ ಇಪ್ಪತ್ತು ವರ್ಷ ತುಂಬುತ್ತ ಬಂದಿತ್ತು.

ಏಪ್ರಿಲಿನ ಒಂದು ಸಂಜೆ ವೈದ್ಯರಲ್ಲಿಗೆ ಹೋಗಿ ಮರಳುತ್ತಿದ್ದೆವು. ದೀಪಗಳು ಉರಿಯುತ್ತಿದ್ದವು, ತಂಪುಗಾಳಿ ಬೀಸುತ್ತಿತ್ತು, ಚಿಕ್ಕ ಯಂತ್ರವೂ ನಡೆದಿತ್ತು. ಇದ್ದಕ್ಕಿದ್ದಂತೆ ದೀಪಗಳು ಮಂಕಾದವು, ಮುಂದಿನ ಫಲಕದಲ್ಲಿ ಬ್ಯಾಟರಿಯ ಚಿಹ್ನೆ ಕೆಂಪಗೆ ಮೂಡಿತು. ಮಗನು ಹೇಗೋ ಹೆದ್ದಾರಿಯ ಅಂಚಿಗೆ ತಂದು ನಿಲ್ಲಿಸಿದ. ಬೇರೆ ವಾಹನ ಬರುವವರೆಗಿನ ಐವತ್ತು ನಿಮಿಷ ಚಿಕ್ಕ ಯಂತ್ರವು ತನ್ನೊಳಗಿನ ಬ್ಯಾಟರಿಯಿಂದಲೇ ನಡೆಯಿತು. ಅದರ ಗುರುತಿನ ಗೆರೆಗಳು ಒಂದೊಂದಾಗಿ ಅಳಿಯುವುದನ್ನು ನೋಡುತ್ತ ಕುಳಿತ ಆ ಹೊತ್ತನ್ನು ನಾನು ಮರೆಯಲಾರೆ.

ದುರಸ್ತಿಯ ಅಂಗಡಿಯವರು ಹೊಸ ಬ್ಯಾಟರಿ ಹಾಕಿ ಕಳುಹಿಸಿದರು. ಮೂರು ವಾರಕ್ಕೆ ಅದೇ ಕಥೆ. ಮತ್ತೊಂದು ಬ್ಯಾಟರಿ ಬಂತು. ಆದರೂ ಬೆಳಿಗ್ಗೆ ಎಂಜಿನ್ ಮುಲುಗುತ್ತಲೇ ಏಳುತ್ತಿತ್ತು.

"ಅಪ್ಪಾಜಿ, ಆಲ್ಟರ್ನೇಟರ್ ದೊಡ್ಡದು ಹಾಕಿಬಿಡೂಣ್ರಿ. ಅವ್ವನ ಯಂತ್ರಕ್ಕ ಕರೆಂಟ್ ಸಾಲವಲ್ದು" ಎಂದ ಮಗ.

"ಸಾಲವಲ್ದು ಅಂತ ಯಾರು ಅಳದು ನೋಡ್ಯಾರಪಾ?" ಎಂದೆ. ಅವನಲ್ಲಿ ಉತ್ತರವಿರಲಿಲ್ಲ. ಆದರೆ ಅವ್ವನ ಚಿಂತೆಯಲ್ಲಿದ್ದವನನ್ನು ತಡೆಯಲು ನನಗೂ ಮನಸ್ಸಾಗಲಿಲ್ಲ. ನಾನು ಸುಮ್ಮನಾದೆ.

ಇಲ್ಲಿ ಈ ವ್ಯವಸ್ಥೆಯ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು. ನಮ್ಮ ಕಡೆಯ ಒಕ್ಕಲುತನದ ಉಪಮೆಯಿಂದ ನಾನು ಇದನ್ನು ತಿಳಿದುಕೊಂಡೆ. ಬ್ಯಾಟರಿಯೆಂಬುದು ಹಗೇವು, ಕೂಡಿಟ್ಟ ಕಾಳು. ಎಂಜಿನ್ನನ್ನು ಎಬ್ಬಿಸಲು ಅದರಿಂದ ಒಮ್ಮೆ ಮೊಗೆದುಕೊಳ್ಳಬೇಕು. ಎಂಜಿನ್ ಎದ್ದ ಮೇಲೆ ದುಡಿಯುವುದು ಆಲ್ಟರ್ನೇಟರ್, ಅದೇ ಹೊಲ. ಬೆಲ್ಟಿನ ಮೂಲಕ ಎಂಜಿನ್ ಅದನ್ನು ತಿರುಗಿಸುತ್ತದೆ. ಒಳಗಿನ ವಿದ್ಯುತ್ಕಾಂತವು ಸುತ್ತಿದಂತೆಲ್ಲ ಹೊರಗಿನ ಸುರುಳಿಗಳಲ್ಲಿ ಏರಿಳಿಯುವ ವಿದ್ಯುತ್ತು ಹುಟ್ಟುತ್ತದೆ. ಡಯೋಡುಗಳು ಅದನ್ನು ಏಕಮುಖವಾಗಿಸುತ್ತವೆ. ನಿಯಂತ್ರಕವು 14 ವೋಲ್ಟಿನ ಆಸುಪಾಸಿನಲ್ಲಿ ಹಿಡಿದಿಡುತ್ತದೆ. ದೀಪ, ತಂಪುಗಾಳಿ, ಯಂತ್ರ ಎಲ್ಲವನ್ನೂ ಸಾಕಿ, ಖಾಲಿಯಾದ ಹಗೇವನ್ನೂ ತುಂಬುವುದು ಇದರ ಹೊಣೆ. ಹೊಲವೇ ಬೆಳೆಯದಿದ್ದರೆ ಎಷ್ಟು ಹೊಸ ಹಗೇವು ತೋಡಿದರೇನು ಫಲ?

ನಮ್ಮ ವಾಹನದಲ್ಲಿ ಇದ್ದುದು 105 ಆಂಪಿಯರಿನ ಆಲ್ಟರ್ನೇಟರ್. ಅದೇ ಎಂಜಿನ್ನಿಗೆ ಹೊಂದುವ 145 ಆಂಪಿಯರಿನದು ದೊರೆಯುತ್ತಿತ್ತು. ಮೇ ತಿಂಗಳ ಒಂದು ಶನಿವಾರ ಅಂಗಳದಲ್ಲಿಯೇ ಕೆಲಸ ಆರಂಭವಾಯಿತು. ಮಗನು ಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿದ. ಧನ ತುದಿಯನ್ನು ಮೊದಲು ಬಿಚ್ಚಹೋಗಿ ಪಾನಾ ವಾಹನದ ಮೈಗೆ ತಗುಲಿದರೆ ಕಿಡಿ ಹಾರುತ್ತದೆ. ಬ್ಯಾಟರಿಯ ಬಳಿ ಜಲಜನಕ ಇದ್ದರೆ ಅದು ಸಿಡಿಯಲೂಬಹುದು. ಜೋಡಿಸುವಾಗ ಋಣ ತುದಿ ಕೊನೆಗೆ. "ಉಂಗುರ, ಗಡಿಯಾರ ತಗೀರಿ ಅಪ್ಪಾಜಿ" ಎಂದ ಮಗ. ತೆಗೆದಿಟ್ಟೆ. ಬಗ್ಗಿದಾಗ ಕೊರಳಿನ ಬೆಳ್ಳಿಯ ಕರಡಿಗೆಯೂ ಜೋತು ಬ್ಯಾಟರಿಗೆ ತಗುಲೀತೆಂಬುದು ಆಗ ಹೊಳೆಯಿತು. ಅದನ್ನು ಅಂಗಿಯೊಳಗೆ ಸೇರಿಸಿ ಮೇಲಿನ ಗುಂಡಿ ಹಾಕಿಕೊಂಡೆ. ಕರಡಿಗೆ ಧರಿಸಿ ಇಂತಹ ಕೆಲಸಕ್ಕೆ ಕೈಹಾಕುವ ಬಂಧುಗಳು ಇದನ್ನು ನೆನಪಿಡಬೇಕು.

ಮಧ್ಯಾಹ್ನದ ಹೊತ್ತಿಗೆ ಹೊಸ ಆಲ್ಟರ್ನೇಟರ್ ಕುಳಿತಿತು. ಎಂಜಿನ್ ಮತ್ತೆ ಮುಲುಗುತ್ತಲೇ ಎದ್ದಿತು. ದೀಪ, ತಂಪುಗಾಳಿ ಎಲ್ಲವನ್ನೂ ಹಾಕಿ ಮಗನು ಮಲ್ಟಿಮೀಟರನ್ನು ಬ್ಯಾಟರಿಗೆ ಹಿಡಿದ. 13.2 ವೋಲ್ಟ್. ಹಳೆಯದರಲ್ಲಿಯೂ ಹೆಚ್ಚು ಕಡಿಮೆ ಅಷ್ಟೇ ಇತ್ತು. ಮಗನ ಮುಖ ಬಾಡಿತು. ಖರ್ಚಾದ ಹಣಕ್ಕಿಂತ ಅವ್ವನನ್ನು ನಾಳೆ ಯಾವ ಧೈರ್ಯದಿಂದ ಕರೆದೊಯ್ಯಲಿ ಎಂಬುದೇ ಅವನ ವ್ಯಥೆಯಾಗಿತ್ತು.

ಆಗ ನನಗೆ ನನ್ನ ವೃತ್ತಿಯ ಪಾಠವೊಂದು ನೆನಪಾಯಿತು. ಓಲೆಗರಿಯಲ್ಲಿ ಅರ್ಥವಾಗದ ಪದ ಬಂದರೆ ಕೂಡಲೇ ತಿದ್ದಬಾರದು, ಮೊದಲು ಪ್ರತಿಗಳನ್ನು ಒಂದರ ಪಕ್ಕ ಒಂದಿಟ್ಟು ಅಕ್ಷರ ಅಕ್ಷರ ಹೋಲಿಸಬೇಕು ಎಂದು ನಮ್ಮ ಗುರುಗಳು ಹೇಳಿಕೊಟ್ಟಿದ್ದರು. ಹೋಲಿಸದೆ ತಿದ್ದಿದ ತಿದ್ದುಪಡಿ ಮೂಲದ ದೋಷಕ್ಕಿಂತ ಕೇಡು. ನಾವು ಮಾಡಿದ್ದು ಅದೇ ಅಲ್ಲವೇ? ಎರಡು ಬ್ಯಾಟರಿ, ಒಂದು ಆಲ್ಟರ್ನೇಟರ್, ಒಟ್ಟು ಮೂರು ತಿದ್ದುಪಡಿ. ಹೋಲಿಕೆ ಒಂದೂ ಇಲ್ಲ. ಮಗನ ಬಳಿಯಿದ್ದ ದುರಸ್ತಿಯ ಕೈಪಿಡಿಯನ್ನು ತರಿಸಿ, ಆ ಅಧ್ಯಾಯವನ್ನು ಸೂತ್ರವೊಂದನ್ನು ಓದುವಂತೆ ಸಾಲು ಬಿಡದೆ ಓದಿದೆವು. ಸಂಜೆಯಾಯಿತು. ಆದರೆ ದಾರಿ ಸಿಕ್ಕಿತು.

ಮೊದಲು ಆಲ್ಟರ್ನೇಟರಿನ ಮೇಲೆಯೇ ಅಳೆದೆವು: 14.5 ವೋಲ್ಟ್. ಅಂದರೆ ಹೊಲದಲ್ಲಿ ಬೆಳೆ ಇದೆ, ಹಗೇವಿಗೆ ಬರುವಷ್ಟರಲ್ಲಿ 1.3 ವೋಲ್ಟ್ ದಾರಿಯಲ್ಲಿ ಸೋರುತ್ತಿದೆ. ದಾರಿಗಳಾದರೋ ಎರಡು. ಹೋಗುವ ದಾರಿಯಲ್ಲಿ, ಎಂದರೆ ಆಲ್ಟರ್ನೇಟರಿನ ಧನ ತುದಿಯಿಂದ ಬ್ಯಾಟರಿಯ ಧನ ತುದಿಗೆ, ನಷ್ಟ 0.2 ವೋಲ್ಟ್. ಅದು ಸಹಿಸಬಹುದಾದ ಮಿತಿಯ ಅಂಚು. ಮರಳುವ ದಾರಿಯಲ್ಲಿ, ಎಂದರೆ ಆಲ್ಟರ್ನೇಟರಿನ ಮೈಯಿಂದ ಬ್ಯಾಟರಿಯ ಋಣ ತುದಿಗೆ, ನಷ್ಟ 1.1 ವೋಲ್ಟ್!

ಟಾರ್ಚು ಹಿಡಿದು ಹುಡುಕಿದಾಗ ಎಂಜಿನ್ನಿನಿಂದ ವಾಹನದ ಮೈಗೆ ಹೋಗುವ ತಂತಿಪಟ್ಟಿ ಕಿಲುಬು ಹಿಡಿದು, ಎರಡೇ ಎಳೆಗಳಲ್ಲಿ ನೇತಾಡುತ್ತಿತ್ತು. ಬ್ಯಾಟರಿಯಿಂದ ಎಂಜಿನ್ನಿಗೆ ಹೋಗುವ ಋಣ ತಂತಿಯ ತುದಿಯೂ ಒಳಗೊಳಗೇ ಹಸಿರುಗಟ್ಟಿ, ಮುಟ್ಟಿದರೆ ಬಿಸಿಯಾಗಿತ್ತು. ಅದು ಏಕೆ ಬಿಸಿ? ಜರ್ಮನಿಯ ಓಮ್ ಎಂಬ ಶಾಲಾ ಉಪಾಧ್ಯಾಯನು 1827ರಲ್ಲಿ ಪ್ರಕಟಿಸಿದ ನಿಯಮದಿಂದ ಇದನ್ನು ತಿಳಿಯಬಹುದು. ತಡೆ ಇದ್ದಲ್ಲಿ ವೋಲ್ಟ್ ಇಳಿಯುತ್ತದೆ. ಹಾಗೆ ಇಳಿದ ಶಕ್ತಿ ಶಾಖವಾಗುತ್ತದೆ. 60 ಆಂಪಿಯರ್ ಹರಿಯುವಾಗ 1.1 ವೋಲ್ಟ್ ನಷ್ಟವಾದರೆ 66 ವಾಟ್ ಶಕ್ತಿ ಆ ಕಿಲುಬಿನಲ್ಲಿಯೇ ಸುಟ್ಟುಹೋಗುತ್ತದೆ. 13.2 ವೋಲ್ಟಿನಲ್ಲಿ ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ. ಅರೆಹೊಟ್ಟೆಯಲ್ಲಿದ್ದು ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಬೇಗ ಸಾಯುತ್ತದೆ. ಹೊಸ ಬ್ಯಾಟರಿಗಳು ಸೋತದ್ದು ಇದರಿಂದ. ಎಂಜಿನ್ ಮುಲುಗುತ್ತಿದ್ದುದೂ ಇದೇ ದಾರಿಯ ದೋಷದಿಂದ. ರೋಗವು ದಿನವೂ ಬೆಳಿಗ್ಗೆ ಕೂಗಿ ಹೇಳುತ್ತಿತ್ತು, ಕೇಳಿಸಿಕೊಂಡವರು ಇರಲಿಲ್ಲ.

ಹೊಲದಿಂದ ಹೇರು ಹೊತ್ತು ಬಂದ ಚಕ್ಕಡಿ ಬರಿದಾಗಿ ಹೊಲಕ್ಕೆ ಮರಳಿದರೆ ತಾನೇ ಎರಡನೆಯ ಹೇರು? ವಿದ್ಯುತ್ತಿನದೂ ಅದೇ ನ್ಯಾಯ. ಹೋಗುವ ದಾರಿಯನ್ನು ಎಲ್ಲರೂ ನೋಡುತ್ತಾರೆ. ಅದರ ತಂತಿ ಕೆಂಪಾಗಿ ಎದ್ದು ಕಾಣುತ್ತದೆ. ಮರಳುವ ದಾರಿ ಕಪ್ಪಾಗಿ, ಎಂಜಿನ್ನಿನ ಮರೆಯಲ್ಲಿ, ಎಣ್ಣೆ ಧೂಳುಗಳ ನಡುವೆ ಅಡಗಿರುತ್ತದೆ.

ಮರುದಿನ ಭಾನುವಾರ ಮೂರು ಹೊಸ ತಂತಿಗಳನ್ನು ಹಾಕಿದೆವು: ಆಲ್ಟರ್ನೇಟರಿನಿಂದ ಬ್ಯಾಟರಿಯ ಧನ ತುದಿಗೆ ಒಂದು, ಬ್ಯಾಟರಿಯ ಋಣ ತುದಿಯಿಂದ ವಾಹನದ ಚೌಕಟ್ಟಿಗೆ ಒಂದು, ಎಂಜಿನ್ನಿನಿಂದ ಚೌಕಟ್ಟಿಗೆ ಒಂದು. ತಾಮ್ರದ ಅಡ್ಡಕೊಯ್ತ 50 ಚದರ ಮಿಲಿಮೀಟರಿಗೂ ತುಸು ಮಿಗಿಲಾದ ದಪ್ಪ ತಂತಿ. ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟ ಅಗ್ಗದ ತಂತಿಯೂ ಸಿಗುತ್ತದೆ; ಅದರ ತಡೆ ಹೆಚ್ಚು, ಆದ್ದರಿಂದ ಬೇಡವೆಂದೆವು. ಧನ ತಂತಿಗೆ ಬ್ಯಾಟರಿಯ ಸಮೀಪದಲ್ಲಿಯೇ ಫ್ಯೂಸ್ ಹಾಕಿದೆವು. ತಂತಿ ಎಲ್ಲಾದರೂ ಉಜ್ಜಿ ಮೈಗೆ ತಗುಲಿದರೆ ಬೆಂಕಿಯಿಂದ ಕಾಯುವುದು ಅದೊಂದೇ. ತಂತಿ ಕೂರುವ ಜಾಗದ ಬಣ್ಣವನ್ನು ಎಮರಿ ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜುವ ಕೆಲಸ ನನ್ನದಾಯಿತು. ಬಣ್ಣದ ಮೇಲೆಯೇ ತಂತಿ ಬಿಗಿದರೆ ಹೊಸ ತಂತಿಯೂ ವ್ಯರ್ಥ. ಬ್ಯಾಟರಿಯ ತುದಿಗಳ ಕಿಲುಬನ್ನು ಸೊಸೆ ಕೊಟ್ಟ ಅಡುಗೆ ಸೋಡಾದ ನೀರಿನಿಂದ ತೊಳೆದೆವು. ಇಳಿದ ಬ್ಯಾಟರಿಯನ್ನು ಮನೆಯ ಚಾರ್ಜರಿನಿಂದ ರಾತ್ರಿಯಿಡೀ ತುಂಬಿಸಿದೆವು, ಏಕೆಂದರೆ ಖಾಲಿ ಬ್ಯಾಟರಿಯನ್ನು ತುಂಬುವ ಹೊರೆ ಆಲ್ಟರ್ನೇಟರಿಗೆ ಬಿದ್ದರೆ ಅದು ಕಾಯ್ದು ಕೆಡುತ್ತದೆ.

ಸೋಮವಾರ ಮುಂಜಾನೆ ಎಂಜಿನ್ ಒಂದೇ ಏಟಿಗೆ ಎದ್ದಿತು. ಎಲ್ಲ ಹೊರೆ ಹಾಕಿದರೂ ಬ್ಯಾಟರಿಯಲ್ಲಿ 14.3 ವೋಲ್ಟ್.

ಇದರ ನಿಜವಾದ ಪರೀಕ್ಷೆ ಜುಲೈ 8ರಂದು ಬಂತು. ಆ ದಿನ ನಸುಕಿನಲ್ಲಿ ಬೆರಿಲ್ ಚಂಡಮಾರುತವು ಟೆಕ್ಸಾಸಿನ ಮಾಟಗೋರ್ಡಾ ಬಳಿ ದಡ ಮುಟ್ಟಿ ಹ್ಯೂಸ್ಟನ್ನಿನ ಮೇಲೆ ಹಾದುಹೋಯಿತು. ಆ ಪ್ರದೇಶದಲ್ಲಿ ಇಪ್ಪತ್ತು ಲಕ್ಷಕ್ಕೂ ಮಿಕ್ಕಿದ ಗ್ರಾಹಕರಿಗೆ ವಿದ್ಯುತ್ ತಪ್ಪಿತು. ನಮ್ಮ ಬೀದಿಗೆ ಅದು ಮರಳಿದ್ದು ನಾಲ್ಕನೆಯ ದಿನ. ತುರ್ತಿಗೆಂದು ಕೊಟ್ಟಿದ್ದ ಆಮ್ಲಜನಕದ ಸಿಲಿಂಡರು ಮೊದಲ ಹೊತ್ತನ್ನು ಕಾಯ್ದಿತು. ರಾತ್ರಿಗೆ ಮಗನು ವಾಹನವನ್ನು ಅಂಗಳದ ತುದಿಯಲ್ಲಿ, ಹೊಗೆಯ ಕೊಳವೆ ಮನೆಗೆ ವಿಮುಖವಾಗುವಂತೆ ನಿಲ್ಲಿಸಿದ. ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ವಾಹನವನ್ನು ಗ್ಯಾರೇಜಿನೊಳಗೆ ನಡೆಸಿದರೆ, ಬಾಗಿಲು ತೆರೆದಿದ್ದರೂ, ಮನೆಮಂದಿಯ ಪ್ರಾಣಕ್ಕೇ ಅಪಾಯ. ಮನೆಯೊಳಗೆ ಆ ಅನಿಲದ ಎಚ್ಚರಿಕೆ ಗಂಟೆ ಇದ್ದುದನ್ನು ಒತ್ತಿ ನೋಡಿದೆವು. ಬ್ಯಾಟರಿಗೆ ಇನ್ವರ್ಟರ್ ಜೋಡಿಸಿ, ದಪ್ಪ ತಂತಿಯನ್ನು ಕಿಟಕಿಯಿಂದ ಒಳತಂದು, ಸಂದಿಗೆ ಬಟ್ಟೆ ತುರುಕಿದೆವು.

ಮನೆಯ ಯಂತ್ರಕ್ಕೆ ಬೇಕಾದುದು ಸುಮಾರು 350 ವಾಟ್, ಅಂದರೆ ಇನ್ವರ್ಟರಿನ ನಷ್ಟವೂ ಸೇರಿ ಬ್ಯಾಟರಿಯ ಕಡೆಯಿಂದ ಸುಮಾರು 30 ಆಂಪಿಯರ್. ಎಂಜಿನ್ ನಿಂತಲ್ಲಿಯೇ ತಿರುಗುವಾಗ ಆಲ್ಟರ್ನೇಟರ್ ತನ್ನ ಪೂರ್ಣ 145 ಆಂಪಿಯರ್ ಕೊಡಲಾರದು. ಅದು ವೇಗದಲ್ಲಿ ಸಿಗುವ ಲೆಕ್ಕ. ಆದರೂ ಇಷ್ಟಕ್ಕೆ ಸಾಕಾಗಿ ಮಿಗುತ್ತಿತ್ತು. ಮಗನು ಗಂಟೆಗೊಮ್ಮೆ ಮೀಟರ್ ಹಿಡಿದು ನೋಡುತ್ತ ಜಗಲಿಯ ಮೇಲೆ ಕುಳಿತ. ನಡುರಾತ್ರಿ ನನ್ನ ಮನೆಯವರು ಕಣ್ಣು ತೆರೆದು, ಹೊರಗಿನ ಎಂಜಿನ್ನಿನ ಸದ್ದು ಆಲಿಸಿ, "ಅವ ಇನ್ನೂ ಹೊರಗ ಕುಂತಾನೇನ್ರಿ? ಊಟ ಮಾಡ್ಯಾನೋ ಇಲ್ಲೋ?" ಎಂದರು. ಮಾಡಿದ್ದಾನೆ ಎಂದೆ. ಅವರು ಮತ್ತೆ ನಿದ್ದೆ ಹೋದರು. ನಾನು ಹೊರಗೆ ಹೋಗಿ ಮಗನ ಪಕ್ಕದಲ್ಲಿ ಕುಳಿತೆ. ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಮೀಟರಿನಲ್ಲಿ 14.1 ಇತ್ತು.

ಆಗಸ್ಟಿನಲ್ಲಿ ವೈದ್ಯರು ಆಮ್ಲಜನಕ ಇನ್ನು ಬೇಡವೆಂದ ಮೇಲೆ ನಾವು ಊರಿಗೆ ಮರಳಿದೆವು.

ಪರದೇಶದಲ್ಲಿ ಮಕ್ಕಳಿರುವ ಬಂಧುಗಳಿಗೆ, ಹಾಗೆಯೇ ಮನೆಯ ಮುಂದೆ ವಾಹನವಿರುವ ಎಲ್ಲರಿಗೂ ನನ್ನದೊಂದು ವಿಜ್ಞಾಪನೆ. ಸಾಮಾನ್ಯ ಮಲ್ಟಿಮೀಟರ್ ಒಂದನ್ನು ಮನೆಯಲ್ಲಿ ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ, ವಾಹನ ರಾತ್ರಿಯೆಲ್ಲ ನಿಂತ ಮೇಲೆ ಬ್ಯಾಟರಿಯನ್ನು ಅಳೆಯಿರಿ: 12.6 ಇದ್ದರೆ ತುಂಬಿದೆ, 12.2ಕ್ಕೆ ಇಳಿದಿದ್ದರೆ ಅರ್ಧವಾಗಿದೆ. ಎಂಜಿನ್ ನಡೆಯುವಾಗ 13.8ರಿಂದ 14.7ರ ನಡುವೆ ಇರಲಿ. ಬೆಲ್ಟಿನ ಬಿರುಕು, ತುದಿಗಳ ಕಿಲುಬು ಕಣ್ಣಿನಿಂದಲೇ ನೋಡಿ. ಎಂಜಿನ್ ನಡೆಯುತ್ತಿರುವಾಗ ಬ್ಯಾಟರಿಯ ತಂತಿಯನ್ನು ಎಂದೂ ಕೀಳಬೇಡಿ. ಏನನ್ನಾದರೂ ಬದಲಿಸುವ ಮುನ್ನ ಎರಡೂ ದಾರಿಗಳ ನಷ್ಟವನ್ನು ಅಳೆಯಿರಿ. ಮನೆಯಲ್ಲಿ ಯಂತ್ರದ ಉಸಿರನ್ನು ಅವಲಂಬಿಸಿದ ರೋಗಿಗಳಿದ್ದರೆ, ವಾಹನವೊಂದನ್ನೇ ನಂಬದೆ ತುಂಬಿದ ಸಿಲಿಂಡರನ್ನೂ ವೈದ್ಯರ ಸಲಹೆಯನ್ನೂ ಮುಂದಾಗಿ ಪಡೆದಿರಿ.

ಮಗನು ಈಗಲೂ ತಿಂಗಳ ಮೊದಲ ಭಾನುವಾರ ದೂರವಾಣಿ ಮಾಡಿ, ಕುಶಲ ವಿಚಾರಿಸಿದ ಬಳಿಕ, ಎರಡು ಅಂಕಿಗಳನ್ನು ಓದಿ ಹೇಳುತ್ತಾನೆ. ನಾನು ಅವನ್ನು ಪಾಠಾಂತರಗಳನ್ನು ಬರೆದಿಡುತ್ತಿದ್ದ ಹಳೆಯ ಪುಸ್ತಕದ ಕೊನೆಯ ಹಾಳೆಗಳಲ್ಲಿ ಬರೆದುಕೊಳ್ಳುತ್ತೇನೆ. ಅವನ ಅವ್ವ ಪಕ್ಕದಲ್ಲಿ ಕುಳಿತು, "ಸರಿ ಐತಂತೇನ್ರಿ?" ಎಂದು ಕೇಳುತ್ತಾರೆ. ಸರಿ ಇದೆ ಎನ್ನುತ್ತೇನೆ.