ಗುಳೆ ಹೋದ ಲಿಥಿಯಂ

ನನ್ನ ಪಿಎಚ್.ಡಿ. ಯಾವುದರ ಮೇಲೆ ಎಂದು ಯಾರಾದರೂ ಕೇಳಿದರೆ ‘ಬ್ಯಾಟರಿ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ. ಲಿಥಿಯಂ-ಅಯಾನ್ ಬ್ಯಾಟರಿಯ ಕ್ಯಾಥೋಡ್, ರಾಮನ್ ಸ್ಪೆಕ್ಟ್ರೋಸ್ಕೋಪಿ ಎಂದೆಲ್ಲ ಶುರುಮಾಡಿದರೆ ಎದುರಿಗಿದ್ದವರಿಗೆ ಏನೋ ಕೆಲಸ ನೆನಪಾಗುತ್ತದೆ. ರಾಯಚೂರಿನಲ್ಲಿ ಆಟೋ ಓಡಿಸುವ ಅಪ್ಪ ಎರಡು ವರ್ಷದ ಹಿಂದೆ ಹಳೆಯ ಗಾಡಿ ಮಾರಿ, ಸಾಲ ಮಾಡಿ ಕರೆಂಟಿನ ಆಟೋ ತಂದ ಮೇಲೆ ಹಾಗೆ ಸುಮ್ಮನಿರಲು ಆಗಲಿಲ್ಲ. ಮೊದಲು ಸಂಜೆ ಏಳರ ತನಕ ಬರುತ್ತಿದ್ದ ಚಾರ್ಜು ಈಗ ಆರಕ್ಕೇ ಮುಗಿಯುತ್ತದಂತೆ. ಕಂತು ಇನ್ನೂ ಎರಡು ವರ್ಷ ಇದೆ. ‘ಯವ್ವಾ, ಸಾಲ ಮೊದಲ ತೀರತೈತೋ, ಬ್ಯಾಟ್ರಿ ಮೊದಲ ಹೋಗತೈತೋ?’ ಎಂಬುದು ಅವರ ಪ್ರಶ್ನೆ.

ಅಪ್ಪನ ಗಾಡಿಯಲ್ಲಿರುವುದು ಲಿಥಿಯಂ ಕಬ್ಬಿಣದ ಫಾಸ್ಫೇಟ್ ಕ್ಯಾಥೋಡ್. ನನ್ನ ಸಂಶೋಧನೆಯೂ ಅದರ ಮೇಲೆಯೇ. 1980ರಲ್ಲಿ ಜಾನ್ ಗುಡ್‌ಇನಫ್ ಅವರ ತಂಡ ಆಕ್ಸ್‌ಫರ್ಡ್‌ನಲ್ಲಿ ಕೋಬಾಲ್ಟ್ ಆಕ್ಸೈಡ್ ಕ್ಯಾಥೋಡನ್ನು ತೋರಿಸಿತ್ತು. ಸೋನಿಯ ಬ್ಯಾಟರಿ 1991ರಲ್ಲಿ ಮಾರುಕಟ್ಟೆಗೆ ಬಂತು. ಆದರೆ ಕೋಬಾಲ್ಟ್ ದುಬಾರಿ. ಅಗ್ಗದ ಕಬ್ಬಿಣದಿಂದಲೂ ಆಗುತ್ತದೆ ಎಂದು ಹೇಳಿದ್ದು 1997ರ ಒಂದು ಪ್ರಬಂಧ. ಅದರಲ್ಲಿ ಗುಡ್‌ಇನಫ್ ಜೊತೆಗೆ ಪಾಧಿ, ನಂಜುಂಡಸ್ವಾಮಿ ಎಂಬ ಹೆಸರುಗಳಿವೆ. ಮೊದಲ ಸಲ ಓದುವಾಗ ಆ ಕೊನೆಯ ಹೆಸರಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದ್ದೆ. ಅದುವರೆಗೆ ನಮ್ಮ ಕಡೆಯ ಹಾಜರಿ ಪುಸ್ತಕದಲ್ಲಷ್ಟೇ ನೋಡಿದ್ದ ಹೆಸರು ಅದು.

ನಾನು ಮಾಡುವುದಿಷ್ಟು. ಬಳಸಿ ಹಳತಾದ ಸೆಲ್ಲನ್ನು ಪೂರ್ತಿ ಖಾಲಿ ಮಾಡಿ, ಆರ್ಗಾನ್ ತುಂಬಿದ ಪೆಟ್ಟಿಗೆಯೊಳಗೆ ಬಿಚ್ಚುತ್ತೇನೆ. ಅಲ್ಯುಮಿನಿಯಂ ಹಾಳೆಗೆ ಬಳಿದ ಕಪ್ಪು ಲೇಪವೇ ಕ್ಯಾಥೋಡ್. ಅದರ ಮೇಲೆ ಹಸಿರು ಲೇಸರ್ ಬಿಡುತ್ತೇನೆ. ಚದುರುವ ಬೆಳಕಿನ ಬಹುಪಾಲು ಹೋದ ಬಣ್ಣದಲ್ಲೇ ಹಿಂದಿರುಗುತ್ತದೆ. ತೀರಾ ಅಲ್ಪ ಪಾಲು ಮಾತ್ರ ಪರಮಾಣುಗಳ ನಡುಕಕ್ಕೆ ತನ್ನ ಶಕ್ತಿಯ ಒಂದಂಶ ಕೊಟ್ಟು, ಬಣ್ಣ ಬದಲಿಸಿಕೊಂಡು ಬರುತ್ತದೆ. 1928ರಲ್ಲಿ ರಾಮನ್ ಕಲ್ಕತ್ತದಲ್ಲಿ ಹಿಡಿದದ್ದು ಇದನ್ನೇ. ಲೇಸರನ್ನು ಮಾತ್ರ ಮಂದವಾಗಿ ಇಡಬೇಕು. ಹೆಚ್ಚು ಮಾಡಿದರೆ ಕ್ಯಾಥೋಡ್ ಸುಟ್ಟು ಕಬ್ಬಿಣದ ಆಕ್ಸೈಡ್ ಆಗುತ್ತದೆ; ನೋಡಲು ಹೋದದ್ದು ನೋಡುವಷ್ಟರಲ್ಲೇ ಬೇರೆಯಾಗಿರುತ್ತದೆ. ಹಾಗಾಗಿ ಒಂದೊಂದು ಚುಕ್ಕೆಗೂ ನಿಮಿಷಗಟ್ಟಲೆ ಕಾಯಬೇಕು.

ಲಿಥಿಯಂ ತುಂಬಿದ್ದರೆ 950ರ ಹತ್ತಿರ ಒಂದು ಎತ್ತರದ ಶಿಖರ ಕಾಣುತ್ತದೆ. ಲಿಥಿಯಂ ಹೊರಟುಹೋದರೆ ಅದು ಕುಗ್ಗಿ, ಆಸುಪಾಸಿನಲ್ಲಿ ಬೇರೆ ಶಿಖರಗಳು ಏಳುತ್ತವೆ. ಚಾರ್ಜ್ ಮಾಡುವಾಗ ಲಿಥಿಯಂ ಕ್ಯಾಥೋಡ್ ಬಿಟ್ಟು ಎದುರಿನ ಗ್ರ್ಯಾಫೈಟಿಗೆ ಹೋಗಬೇಕು. ಗಾಡಿ ಓಡುವಾಗ ವಾಪಸ್ಸು ಬರಬೇಕು. ಖಾಲಿ ಮಾಡಿದ ಸೆಲ್ಲಿನ ಕ್ಯಾಥೋಡಿನಲ್ಲಿ ಲಿಥಿಯಂ ತುಂಬಿರಬೇಕಾದದ್ದು ನ್ಯಾಯ. ಆದರೆ ಹಳೆಯ ಸೆಲ್ಲುಗಳಲ್ಲಿ ಲಿಥಿಯಂ ಇಲ್ಲದ ಚುಕ್ಕೆಗಳು ಸಿಗುತ್ತವೆ. ಕ್ಯಾಥೋಡಿನ ಚೌಕಟ್ಟು ಗಟ್ಟಿಯಾಗಿಯೇ ಇರುತ್ತದೆ. ಹೋದ ಲಿಥಿಯಂನಲ್ಲಿ ಒಂದಷ್ಟು, ಗ್ರ್ಯಾಫೈಟಿನ ಮೇಲೆ ಬೆಳೆಯುವ ತೆಳು ಪದರದಲ್ಲಿ ಶಾಶ್ವತವಾಗಿ ಸಿಕ್ಕಿಬಿದ್ದಿರುತ್ತದೆ.

ಯುಗಾದಿಗೆ ಊರಿಗೆ ಹೋದಾಗ ಇದನ್ನು ಅಪ್ಪನಿಗೆ ಹೇಳಿದೆ. ಅವರು ಬೀಡಿ ಆರಿಸಿ ಹೇಳಿದರು: ‘ಗುಳೆ ಹೋದ ಮಂದಿ ಅಲ್ಲೇ ನಿಂತಂಗಾತು. ಊರಾಗ ಮನಿ ಇರ್ತಾವ, ಮಂದಿ ಇರಂಗಿಲ್ಲ.’ ನಮ್ಮ ಓಣಿಯಲ್ಲಿ ಬೀಗ ಜಡಿದ ಮನೆಗಳನ್ನು ನೋಡುತ್ತಲೇ ಬೆಳೆದವಳು ನಾನು. ಮೂರು ವರ್ಷ ಸೆಮಿನಾರುಗಳಲ್ಲಿ ಹೇಳಿದ್ದು ಇಷ್ಟು ನಿಚ್ಚಳವಾಗಿ ನನಗೇ ತಿಳಿದಿರಲಿಲ್ಲ.

ಆಮೇಲೆ ಅವರು ಇನ್ನೊಂದು ಕೇಳಿದರು: ‘ನಿಮ್ಮ ಲ್ಯಾಬಿನಾಗ ಎಷ್ಟು ಬಿಸಿಲು?’ ನಾವು ಸೆಲ್ಲುಗಳನ್ನು ಓಡಿಸುವುದು 25 ಡಿಗ್ರಿಯಲ್ಲಿ. ಮೇ ತಿಂಗಳ ರಾಯಚೂರಿನಲ್ಲಿ ನೆರಳೇ 40 ದಾಟುತ್ತದೆ. ಸೀಟಿನ ಕೆಳಗಿನ ಡಬ್ಬಿಯ ಮಾತು ಬೇರೆ. ಶಾಖ ಹೆಚ್ಚಿದಂತೆ ಆ ಪದರ ಬೇಗ ಬೆಳೆಯುತ್ತದೆ. ಪೂರ್ತಿ ಚಾರ್ಜ್ ಮಾಡಿ ಬಿಸಿಲಲ್ಲಿ ನಿಲ್ಲಿಸಿದರೆ ಇನ್ನೂ ಬೇಗ. ಅವರ ಗಾಡಿಯ ಬಗ್ಗೆ ಖಾತ್ರಿಯಾಗಿ ಹೇಳಬಹುದಾಗಿದ್ದು ಅಷ್ಟೇ. ಈಗ ಮಧ್ಯಾಹ್ನ ಆಟೋ ಬೇವಿನ ಮರದ ಕೆಳಗೆ ನಿಲ್ಲುತ್ತದೆ. ಒಂದು ಬಾಡಿಗೆ ತಪ್ಪುತ್ತದೆ.

ಬೆಂಗಳೂರಿಗೆ ಬಂದು ಗೈಡ್ ಮೇಡಂ ಹತ್ತಿರ 45 ಡಿಗ್ರಿಯ ಇನ್ನೊಂದು ಗುಂಪು ಬೇಕೆಂದೆ. ಥೀಸಿಸ್ ಆರು ತಿಂಗಳು ತಡವಾಗುತ್ತದೆ, ಅಷ್ಟರಲ್ಲಿ ಫೆಲೋಶಿಪ್ ಮುಗಿಯುತ್ತದೆ ಎಂದು ಎಚ್ಚರಿಸಿದರು, ಬೇಡ ಅನ್ನಲಿಲ್ಲ. ಸೆಲ್ಲುಗಳು ಈಗ ಒಲೆಯಂಥ ಪೆಟ್ಟಿಗೆಯೊಳಗೆ ಹಗಲಿರುಳು ತುಂಬಿ ಖಾಲಿಯಾಗುತ್ತಿವೆ. ಬರುವ ತಿಂಗಳು ಮೊದಲನೆಯದನ್ನು ಬಿಚ್ಚಿ, ಎಷ್ಟು ಮನೆ ಖಾಲಿ ಬಿದ್ದಿವೆ ಎಂದು ಎಣಿಸಬೇಕು.